ಆಡಿ ತಳ್ಳುಪಡಿ

ಕ್ರೋಂಪೇಟೆ, ಚೆನ್ನೈ
ಜುಲೈ ೨೯, ೨೦೨೫

ಪ್ರೀತಿಯ ಶ್ರೀಯಾ ಮರಿಗೆ ನಿನ್ನ ಅಜ್ಜಿಯ ಮುತ್ತುಗಳು.

ಹೇಗಿದ್ದೀಯೆ? ಪಾದದ ಬೊಬ್ಬೆ ಒಣಗಿತೇ? ಹೊಟ್ಟೆಗೆ ಸರಿಯಾಗಿ ಹಾಕುತ್ತಾರೆಯೇ, ಹಾಕಿದ್ದನ್ನು ಉಣ್ಣಲು ಪುರುಸೊತ್ತು ಕೊಡುತ್ತಾರೆಯೇ? ತರಬೇತಿಗೆ ಸೇರಿದ ದಿನವೇ ನೌಕಾಪಡೆಯವರು ನಿನ್ನ ಫೋನ್ ತೆಗೆದಿಟ್ಟುಕೊಂಡರೆಂದು ನಾನು ಬಾಯಿಗೆ ಬಂದಂತೆ ಬೈದಿದ್ದೆ. ಆ ಬೈಗುಳವನ್ನು ಈಗ ವಾಪಸು ತೆಗೆದುಕೊಂಡಿದ್ದೇನೆ. ಫೋನ್ ಇದ್ದಿದ್ದರೆ ನೀನು ನನಗೆ ಕನ್ನಡದಲ್ಲಿ ಕಾಗದ ಬರೆಯುತ್ತಿದ್ದೆಯಾ? ನಾನು "ಊಟ ಆಯ್ತಾ ಮರಿ?" ಅನ್ನುವುದು, ನೀನು "ಆಚು ಅಜ್ಜಿ" ಅನ್ನುವುದು, ಇಷ್ಟು ವರ್ಷ ನಮ್ಮಿಬ್ಬರ ಮಾತುಕತೆ ಒಂದು ಕಡೆ ಕನ್ನಡ, ಒಂದು ಕಡೆ ತಮಿಳಾಗಿಯೇ ನಡೆದಿತ್ತು. ರಜೆಯಲ್ಲಿ ಹಿಡಿದು ಕೂರಿಸಿ ಕಲಿಸಿದ ಅಕ್ಷರ ಹೀಗೆ ಟಪಾಲಿನಲ್ಲಿ ನನ್ನ ಮನೆಗೇ ಬರುತ್ತದೆಂದು ನಾನು ಎಣಿಸಿರಲಿಲ್ಲ. ಒತ್ತಕ್ಷರಗಳೆಲ್ಲ ಪಕ್ಕಕ್ಕೆ ಜಾರಿವೆ. ಜಾರಲಿ ಬಿಡು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಕೊನೆಯಲ್ಲಿ ನೀನು "ಇಲ್ಲಿ ಕಷ್ಟ ಅಜ್ಜಿ. ಬಿಟ್ಟು ಮನೆಗೆ ಬರಲಾ?" ಎಂದು ಬರೆದಿದ್ದನ್ನು ಮನೆಯಲ್ಲಿ ಎಲ್ಲರೂ ಓದಿದ್ದೇವೆ. ನಿನ್ನ ಅಪ್ಪ ಆವತ್ತು ಕಾಫಿ ಮುಟ್ಟದೆ ಬ್ಯಾಂಕಿಗೆ ಹೋದ. ನಿನ್ನ ಅಮ್ಮ ನಿನ್ನ ಮಂಚದ ಹಾಸಿಗೆಗೆ ಹೊಸ ಬೆಡ್‌ಶೀಟ್ ಹಾಕಿದಳು. ಮೊದಲೇ ಹಾಸಿದ್ದೂ ಒಗೆದದ್ದೇ ಆಗಿತ್ತು. "ನನ್ನನ್ನ ಕೇಳಿದ್ದಾಳೆ, ನಾನೇ ಉತ್ತರ ಬರೀತೀನಿ, ಯಾರೂ ಮಧ್ಯೆ ಬರ್ಬೇಡಿ" ಎಂದು ನಾನು ದೊಡ್ಡದಾಗಿ ಹೇಳಿಬಿಟ್ಟೆ. ಈಗ ಪೆನ್ನು ಹಿಡಿದರೆ ಮಾತೇ ಹೊರಡುತ್ತಿಲ್ಲ. ಅದಕ್ಕೇ ಮೊದಲು ನಿನ್ನ ವಿಡಿಯೋ ಆಟದ ಸಮಾಚಾರ ಬರೆಯುತ್ತೇನೆ.

ನೀನು ಬರೆದದ್ದು ಹೀಗೆ: "ಅಜ್ಜಿ, ಆಡಿ ತಳ್ಳುಪಡಿ. ನನ್ನ ಆಟ ಎಲ್ಲಾ ನೋಡಿ ಒಂದು ಇಟ್ಟುಕೊಳ್ಳಿ. ಮಿಕ್ಕದ್ದು ಬೇಡ." ಇದನ್ನೇ ನೀನು ತಮಿಳಿನಲ್ಲಿ ಬರೆದಿದ್ದರೆ ನನಗೆ ತಟ್ಟನೆ ಹೊಳೆಯುತ್ತಿತ್ತು. ನಮ್ಮ ಆಷಾಢದ ಹಾಗೆ ಇಲ್ಲಿ ಆಡಿ ಮಾಸ ಬಂತೆಂದರೆ ಈ ಊರಿನ ಬಟ್ಟೆ ಅಂಗಡಿ, ಪಾತ್ರೆ ಅಂಗಡಿಗಳೆಲ್ಲ ತಳ್ಳುಪಡಿ ಎಂದು ಬೋರ್ಡು ಕಟ್ಟಿ ಬೆಲೆ ಇಳಿಸುವುದನ್ನು ಮದುವೆಯಾಗಿ ಬಂದಂದಿನಿಂದ ನೋಡುತ್ತಿದ್ದೇನೆ. ಆದರೆ ನಮ್ಮ ಮಗು ಕನ್ನಡದಲ್ಲಿ ಬರೆದಿದೆ ಎಂಬ ಸಂಭ್ರಮದಲ್ಲಿ ನಾನು ಪ್ರತಿ ಅಕ್ಷರವನ್ನೂ ಕನ್ನಡವೆಂದೇ ಓದಿದೆ. "ಆಡಿ, ತಳ್ಳಿಬಿಡಿ" ಎನ್ನಲು ಹೋಗಿ ಪಾಪ ತಪ್ಪು ಬರೆದಿದ್ದಾಳೆ ಅಂದುಕೊಂಡೆ. ಆಟಗಳನ್ನು ಒಂದು ಸಲ ಆಡಿ, ಆಮೇಲೆ ಎಸೆದುಬಿಡಿ, ನೆನಪಿಗೆ ಒಂದು ಇರಲಿ! ಕೆಳಗಡೆ "ಬಿಟ್ಟು ಬರಲಾ" ಬೇರೆ. ಹುಡುಗಿ ಎಲ್ಲದರ ಮೇಲೂ ಆಸೆ ಬಿಟ್ಟಳು ಎಂದೇ ತಿಳಿದೆ. ಅಳುತ್ತ ನಿನ್ನ ಡಿಸ್ಕುಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ತುಂಬಿದೆ. ಪಕ್ಕದ ಮನೆಯವರಿಗೆ ಕೊಡಲೆಂದು ನಿನ್ನ ತಾತ ಅದಕ್ಕೆ ಹಗ್ಗ ಬಿಗಿಯುತ್ತಿದ್ದಾಗ ನಿನ್ನ ಅಪ್ಪ ಬಂದ. ಪೆಟ್ಟಿಗೆ ಏಕೆಂದು ಕೇಳಿ ತಿಳಿದವನೇ "ಅಯ್ಯೋ ಅಮ್ಮಾ, ಅದು ಆಡಿ ಮಾಸ ಅಮ್ಮಾ! ಡಿಸ್ಕೌಂಟು! ಅವಳು ತಗೋಳೋಕೆ ಹೇಳಿದ್ದಾಳೆ, ನೀನು ಎಸೀತಿದ್ದೀಯಲ್ಲ" ಎಂದು ಬಾಗಿಲಲ್ಲೇ ಕುಸಿದು ಕುಳಿತು ನಕ್ಕ. ನಿನ್ನ ಕಾಗದ ಬಂದ ಮೇಲೆ ಅವನು ನಕ್ಕಿದ್ದು ಅದೇ ಮೊದಲು, ಅದಕ್ಕೂ ನಿನಗೆ ಥ್ಯಾಂಕ್ಸ್. ಡಿಸ್ಕುಗಳೆಲ್ಲ ಮತ್ತೆ ಕಪಾಟು ಸೇರಿವೆ.

ಆಮೇಲೆ ಟಿವಿಯಲ್ಲಿ ನಿನ್ನ ಆನ್‌ಲೈನ್ ಅಂಗಡಿ ತೆರೆದು ಕುಳಿತೆವು. ನೀನು ಬೇಕೆಂದು ಗುರುತು ಹಾಕಿಟ್ಟ ಆಟಗಳಿಗೆಲ್ಲ ಬೆಲೆ ಇಳಿದಿತ್ತು. ನಿನ್ನ ತಾತನದು ಹಳೇ ರಾಗ: "ಬೆಲೆ ಇಳಿಸಿದ್ದಾನೆ ಅಂದ್ರೆ ಏನೋ ಐಬು ಇರ್ಬೇಕು ಕಣೆ." ನಾನು ಸೌಕಾರ್‌ಪೇಟೆಯಲ್ಲಿ ಸೀರೆಯ ಸೆರಗು ಮಗುಚಿ ನೋಡಿ ಪಳಗಿದವಳು. ಅವನು ಎಷ್ಟು ಇಳಿಸಿದ ಎನ್ನುವುದು ಮುಖ್ಯವಲ್ಲ, ಇಳಿಸದೇ ಇದ್ದಿದ್ದರೂ ನನಗೆ ಇದು ಬೇಕಿತ್ತೇ ಎಂದು ಕೇಳಿಕೊಳ್ಳಬೇಕು. ಎಲ್ಲಕ್ಕಿಂತ ಹೆಚ್ಚು ಇಳಿದಿದ್ದದ್ದು ಒಂದು ಕಾರ್ ರೇಸು. ಹಾಗಾದರೆ ತೆಗೆದುಕೊಳ್ಳೋಣ ಎಂದುಕೊಂಡು ಕೆಳಗಿನ ಸಣ್ಣಕ್ಷರ ಓದಿದರೆ ಒಳ್ಳೆಯ ಕಾರುಗಳಿಗೆಲ್ಲ ಬೇರೆ ದುಡ್ಡಂತೆ! ವಿಮಾ ಕಚೇರಿಯಲ್ಲಿ ತಲೆ ನರೆಸಿಕೊಂಡವಳ ಹತ್ತಿರವೇ ಈ ಆಟ. ಮೂಲ ಪಾಲಿಸಿ ಅಗ್ಗ ಮಾಡಿ, ಮೇಲಿಂದ ಸೇರಿಸುವ ರೈಡರುಗಳಲ್ಲಿ ವಸೂಲು ಮಾಡುವುದನ್ನು ನಾನು ನೋಡಿಲ್ಲವೇ? ಕತ್ತಿ ಹಿಡಿದು ರಾಕ್ಷಸರ ಮೇಲೆ ಹೋಗುವ ಆಟವನ್ನು ಆಡಿದವರೆಲ್ಲ ಹೊಗಳಿದ್ದಾರೆ, ಆದರೆ ಹೊಗಳಿದವರೆಲ್ಲ ಸತ್ತು ಸತ್ತು ಆಡಿದವರೇ. ಈ ವಯಸ್ಸಿನಲ್ಲಿ ಅದಕ್ಕೆ ಅಭ್ಯಾಸ ಮಾಡಿಕೊಳ್ಳುವುದು ಬೇಡ ಎಂದರು ತಾತ. ಹೊಲ ಮಾಡುವ ಆಟ ಚೆಂದವಿತ್ತು. ಆದರೆ ಬಾಲ್ಕನಿಯ ತುಳಸಿಗೆ ನೀರು ಹಾಕಲು ಮರೆಯುವವಳು ಟಿವಿಯೊಳಗಿನ ಕುಂಬಳಕಾಯಿಗೆ ಹಾಕಿದರೆ ನಿನ್ನ ಅಮ್ಮ ಸುಮ್ಮನಿರುತ್ತಾಳೆಯೇ?

ಉಳಿದವು ಎರಡು. ಒಂದು ದೋಣಿಯದು, ಒಬ್ಬರಿಗೆ ಒಂದು ಹುಟ್ಟು. ಇಬ್ಬರೂ ಸಮನಾಗಿ ಹಾಕಿದರೆ ಮಾತ್ರ ಮುಂದೆ ಹೋಗುತ್ತದೆ. ಇದನ್ನು ನೀನು ನಮ್ಮಿಬ್ಬರಿಗಾಗಿಯೇ ಗುರುತು ಹಾಕಿಟ್ಟಿದ್ದೀಯೆಂದು ನನಗೆ ಗೊತ್ತಾಯಿತು. ಇನ್ನೊಂದು ಅಡುಗೆಮನೆಯದು, ನಾಲ್ಕು ಜನರವರೆಗೆ ಯಾರು ಬೇಕಾದರೂ ಸೇರಿಕೊಂಡು ಹೆಚ್ಚಿ, ಬೇಯಿಸಿ, ಬಡಿಸಬೇಕು. ಬೆರಳು ದೋಣಿಯ ಮೇಲೆಯೇ ಇತ್ತು. ಒತ್ತಲು ಹೋದವಳು ಕೈ ಹಿಂದಕ್ಕೆ ತೆಗೆದುಕೊಂಡೆ. ಅದನ್ನು ಕೊಂಡರೆ ಅದು ನಿನಗಾಗಿ ಕಾಯುತ್ತ ಕೂರುತ್ತದೆ. ಅಜ್ಜಿ ಕಾಯುತ್ತಿದ್ದಾಳೆ ಎಂದು ನೀನು ತರಬೇತಿ ಬಿಡಬಾರದು, ಕಾದು ಕಾದು ಬೇಸರಪಟ್ಟಳು ಎಂದು ನೊಂದುಕೊಳ್ಳಲೂಬಾರದು. ಅದಕ್ಕೇ ಅಡುಗೆಮನೆ ಕೊಂಡುಬಿಟ್ಟೆ. ಇದನ್ನು ನೀನಿದ್ದರೂ ಆಡಬಹುದು, ಇಲ್ಲದಿದ್ದರೂ ಆಡಬಹುದು. ನೀನು ಇಲ್ಲದೆ ಇಲ್ಲಿ ಯಾವುದೂ ಚೆನ್ನಾಗಿಲ್ಲ ಎನ್ನುವುದು ಬೇರೆ ಮಾತು.

ನಿನ್ನೆ ಸಾಯಂಕಾಲ ನಾವಿಬ್ಬರೂ ಶುರುಮಾಡಿದೆವು. ಮೂಲೆಯ ಅಮ್ಮನವರ ಗುಡಿಯ ಧ್ವನಿವರ್ಧಕದ ಅಬ್ಬರದಲ್ಲಿ ನಾನು "ರೀ, ಈರುಳ್ಳಿ ಕೊಡ್ರೀ, ಅನ್ನ ಸೀದುಹೋಗ್ತಿದೆ!" ಎಂದು ಕಿರುಚಿದರೆ, ಜೀವಮಾನದಲ್ಲಿ ಒಂದು ಲೋಟ ತೊಳೆಯದ ನಿನ್ನ ತಾತ ರಾಶಿ ರಾಶಿ ತಟ್ಟೆ ತೊಳೆಯುತ್ತ ನಿಂತಿದ್ದರು. "ಇದೇನೇ ಇದು, ರಿಟೈರ್ ಆದ್ಮೇಲೆ ಹೋಟ್ಲು ಕೆಲ್ಸ" ಎಂದು ಗೊಣಗಿದರು, ಆದರೆ ಬಿಡಲಿಲ್ಲ. ಊಟವಾದ ಮೇಲೆ ಯಾರೂ ಹೇಳದೆ ನಿಜವಾದ ತಟ್ಟೆಯನ್ನೂ ತೊಳೆದಿಟ್ಟರು. ನಿನ್ನ ಅಮ್ಮ ಅದನ್ನು ಫೋಟೋ ತೆಗೆದಿದ್ದಾಳೆ.

ಒಂದು ಮಾತು ಎದುರಿಗಿದ್ದಾಗ ಹೇಳಲೇ ಇಲ್ಲ, ಈಗ ಹೇಳುತ್ತೇನೆ. ಮಂಡಿ ಆಪರೇಷನ್ ಆಗಿ ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆನಲ್ಲ, ಬಂದವರೆಲ್ಲ ಧೈರ್ಯ ಹೇಳಿ ಹೇಳಿ ಅದು ಇನ್ನಷ್ಟು ಕುಗ್ಗುತ್ತಿತ್ತು. ನೀನು ಧೈರ್ಯ ಹೇಳಲಿಲ್ಲ. ಎರಡನೆಯ ಕಂಟ್ರೋಲರನ್ನು ಕೈಗಿಟ್ಟು "ಸುಮ್ಮಾ ಅಮುಕ್ಕುಂಗ ಅಜ್ಜಿ" ಅಂದೆ. ನೀನು ಹೇಳಿದಂತೆ ಸುಮ್ಮನೆ ಒತ್ತಿದರೆ ನನ್ನ ಕಾರು ಹೋಗಿ ಹೋಗಿ ಗೋಡೆಗೆ ಗುದ್ದುತ್ತಿತ್ತು. ನೀನು ಗೆಲ್ಲುವುದನ್ನು ಬಿಟ್ಟು ನಿನ್ನ ಕಾರನ್ನು ರಸ್ತೆ ಬದಿಗೆ ನಿಲ್ಲಿಸಿಕೊಂಡು, ನಾನು ಬರುವವರೆಗೆ ಕಾಯುತ್ತಿದ್ದೆ. ಆಮೇಲೆ ನಾನು ಎದ್ದು ನಡೆದದ್ದು ವೈದ್ಯರಿಂದ ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ. ನಿನ್ನ ಋಣ ದೊಡ್ಡದು, ಮರಿ. ನಿನ್ನಂಥ ಮೊಮ್ಮಗಳನ್ನು ಕೊಟ್ಟದ್ದಕ್ಕೆ ದೇವರಿಗೆ ದಿನವೂ ಕೈ ಮುಗಿಯುತ್ತೇನೆ.

ಅಪ್ಪ ಅಮ್ಮ ನೆನಪು ಹೇಳಿದ್ದಾರೆ, ತಾತ ನಿನ್ನ ತಲೆ ಸವರಿದ್ದಾರೆ ಎಂದು ತಿಳಿ. ಮೈ ಗಟ್ಟಿಯಾಗಿರಲಿ, ಮನಸ್ಸು ಹಗುರವಾಗಿರಲಿ.

ನಿನ್ನ ಅಜ್ಜಿ,
ಸೀತಾ

ತಾ.ಕ.: ತಾತ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಾರೆ, ಟಪಾಲು ತೆಗೆಯುವ ಹೊತ್ತಾಯಿತಂತೆ. ನಿನ್ನ ಮನೆಗೆ ಬರಲು ನನ್ನನ್ನು ಕೇಳುವುದೇನು, ಹುಚ್ಚಿ? ಆದರೆ ಬಿಡು ಎನ್ನಲೂ ಬಿಡಬೇಡ ಎನ್ನಲೂ ನನ್ನಿಂದ ಆಗುತ್ತಿಲ್ಲ, ಕಷ್ಟಪಡುತ್ತಿರುವವಳು ನೀನು. ಭಾನುವಾರ ಮನೆಯವರು ಬಂದು ನೋಡಬಹುದಂತೆ, ನಿನ್ನ ಅಪ್ಪ ವಿಚಾರಿಸಿದ. ಬರುವ ತಿಂಗಳ ಎರಡನೆಯ ಭಾನುವಾರಕ್ಕೆ ನಾನೂ ತಾತನೂ ಅಲ್ಲಿರುತ್ತೇವೆ. ಬರುವುದಕ್ಕೆ ಎರಡು ಟಿಕೆಟ್ ತೆಗೆದಿದ್ದೇನೆ, ಹಿಂದಿರುಗುವುದಕ್ಕೆ ಮೂರು. ಮೂರನೆಯದು ನಿನ್ನ ಹೆಸರಿನಲ್ಲಿದೆ. ಸಂಜೆಯವರೆಗೆ ಕೂತು ಮಾತಾಡೋಣ. ಆಮೇಲೆ ನೀನು ನಮ್ಮ ಜೊತೆ ರೈಲು ಹತ್ತಿದರೂ ಸರಿ, ಗೇಟಿನಲ್ಲಿ ನಿಂತು ಕೈ ಬೀಸಿದರೂ ಸರಿ. ಎರಡಕ್ಕೂ ನಾನು ಅಳುತ್ತೇನೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡ. ಲೋಯರ್ ಬರ್ತ್ ಮಾತ್ರ ನನ್ನದು.