ಬದನೆಕಾಯಿಯ ಕೆಳಗಿನ ಪರಾತ

ವಸುಧಾ,

ನನ್ನ ತಮ್ಮ ಮಧುಕರ ಸಂಭಾಜಿನಗರದಲ್ಲಿ ತೀರಿಕೊಂಡನೆಂದು ಸುದ್ದಿ ಬಂದ ಸೋಮವಾರ, ನೀನು ಶೆಗಡಿಯ ಕೆಂಡದ ಮೇಲೆ ಸುಡುತ್ತಿದ್ದ, ಎಣ್ಣೆ ಹಚ್ಚಿದ ಬದನೆಕಾಯಿ ಬಿಟ್ಟು ಓಡಿ ಬಂದು ನನ್ನನ್ನು ಹಿಡಿದುಕೊಂಡೆ. ಇಲ್ಲದಿದ್ದರೆ ನೆಲಕ್ಕೆ ಬೀಳುತ್ತಿದ್ದೆ. ಅಷ್ಟರಲ್ಲಿ, ಸೋರುವ ಎಣ್ಣೆ ಹಿಡಿಯಲು ಬದನೆಕಾಯಿಯ ಕೆಳಗಿಟ್ಟ ಅಗಲ ತಟ್ಟೆ, ಆ ಪರಾತದ ನೀರು ಬತ್ತಿ, ಸೋರಿದ ಎಣ್ಣೆ ಹೊತ್ತಿ ಮನೆಯೆಲ್ಲ ಹೊಗೆಯಾಯಿತು. "ಒಂದು ಶೆಗಡಿ ನೋಡ್ಲಿಕ್ಕೂ ಬರೂದಿಲ್ಲೇನು ನಿನಗ?" ಎಂದು ನನ್ನ ಮಗ ಪ್ರಭಾಕರ ನಿನ್ನನ್ನು ಬೈದ. ನಾನು ಬಾಯಿ ಬಿಡಲಿಲ್ಲ, ಅದು ನನ್ನ ತಪ್ಪು. ಇಂದು ಅವನಿಗೆ ಎಲ್ಲ ಹೇಳಿದ್ದೇನೆ.

ತಮ್ಮನ ಕಾರ್ಯಕ್ಕೆಂದು ಗೋದಾವರಿ ಹುಟ್ಟುವ ತ್ರ್ಯಂಬಕಕ್ಕೆ ಹೊರಟೆ. ಸಂಜೆ ಅಂಜದೆ ಬದನೆಕಾಯಿ ಸುಡು. ತೆಳ್ಳಗಿನ ತಾಟು ಬೇಡ, ಅಂಚು ಎತ್ತರವಿರುವ ಕಬ್ಬಿಣದ ಪರಾತ ತೆಗೆದುಕೋ. ಕೆಂಡಕ್ಕೆ ತಾಗದಂತೆ ಅದರಡಿಗೆ ಮೂರು ಹಂಚಿನ ಚೂರು ಇಡು. ಪರಾತದಲ್ಲಿ ಎರಡು ಬೆರಳಿನಷ್ಟು ನೀರು ಹಾಕು. ಬತ್ತಿದರೆ ಪ್ರಭಾಕರನೇ ಸುರಿಯಲಿ.

ನಿನ್ನಂಥ ಸೊಸೆಯನ್ನು ಕೊಟ್ಟ ದೇವರಿಗೆ ಇಂದು ಕೈಮುಗಿಯುತ್ತೇನೆ. ನನ್ನ ತಮ್ಮನ ಜೀವಕ್ಕೆ ಗೋದಾವರಿ ತಾಯಿ ತನ್ನ ತಂಪಿನಲ್ಲಿ ನೆಲೆ ಕೊಡಲಿ.