ದಿನಾಂಕ ಬಿಟ್ಟ ಲಗ್ನಪತ್ರಿಕೆ

ಭೇರ್ಯ
೨೮ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ರಮ್ಯಶ್ರೀಗೆ,

ನಿನ್ನ ಅತ್ತೆ ಸುನಂದಮ್ಮ ಮಾಡುವ ಆಶೀರ್ವಾದಗಳು. ನಾನು ಗಟ್ಟಿಮುಟ್ಟಾಗಿದ್ದೇನೆ. ಹುಣಸೂರಿನ ಅಂಗಡಿ ಕೆಲಸದ ನಡುವೆ ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ಎಂದು ನಂಬಿದ್ದೇನೆ. ನಂಬಿಕೆ ಅಷ್ಟೇ, ಗ್ಯಾರಂಟಿ ಏನಿಲ್ಲ.

ಕೈಯಲ್ಲಿ ಫೋನಿರುವಾಗ ಈ ಮುದುಕಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನಗಬೇಡ. ಫೋನಿನಲ್ಲಿ ಮದುವೆಯ ಮಾತು ಎತ್ತಿದ ಕೂಡಲೇ ನಿನಗೆ ಸಿಗ್ನಲ್ ಹೋಗುತ್ತದೆ. ಹವಾಮಾನದ ವಿಷಯ ಮಾತಾಡಿದರೆ ಮಾತ್ರ ಚೆನ್ನಾಗಿ ಕೇಳಿಸುತ್ತದೆ. ಕಾಗದವಾದರೆ ನೀನು ಅದನ್ನು ಮಡಚಿಟ್ಟರೂ ಅದು ಮತ್ತೆ ಬಿಚ್ಚಿಸಿಕೊಳ್ಳುತ್ತದೆ. ಅದಕ್ಕೇ ಕುಳಿತು ಬರೆಯುತ್ತಿದ್ದೇನೆ, ಪೂರ್ತಿ ಓದು.

ಸುತ್ತಿ ಬಳಸಿ ಹೇಳುವುದಿಲ್ಲ. ಪಿರಿಯಾಪಟ್ಟಣದ ಶಿವಶಂಕರ್ ನಿನ್ನನ್ನು ಮದುವೆಯಾಗುತ್ತೇನೆ ಎಂದು ಕೇಳಿದ್ದು, ನೀನು ಆಗುವುದಿಲ್ಲ ಎಂದದ್ದು, ಕಾರಣ ಕೇಳಿದರೆ ನನ್ನ ಹೆಸರು ಹೇಳಿದ್ದು, ಎಲ್ಲಾ ನನಗೆ ಗೊತ್ತಾಗಿದೆ. ಎಚ್.ಡಿ. ಕೋಟೆಯಿಂದ ನಿನ್ನ ಸೋದರಮಾವ ಬೆಟ್ಟಸ್ವಾಮಿ ಫೋನ್ ಮಾಡಿದ್ದರು. "ನೋಡ್ರಮ್ಮ, ಅಪ್ಪ ಅಮ್ಮ ಇಲ್ದಿರೋ ಮಗೂನ ನಾನು ಸಾಕ್ದೆ, ನಿಮ್ಮನೆಗೆ ಕೊಟ್ಟೆ. ಈಗ ಅವ್ಳು ನಿಮ್ಮನ್ ಬುಟ್ಟು ಓಗಾಕಿಲ್ಲ ಅಂತವ್ಳೆ. ನೀವೇ ಒಂದ್ ಮಾತು ಏಳಿ" ಎಂದರು. ಆ ಹುಡುಗ ದೀಪಾವಳಿವರೆಗೆ ಕಾಯುತ್ತಾನಂತೆ. ಆಮೇಲೆ ಅವನ ತಾಯಿ ಕೆ.ಆರ್. ನಗರದ ಯಾವುದೋ ಹೆಣ್ಣು ನೋಡಲು ಹೊರಡುತ್ತಾರಂತೆ.

ಫೋನ್ ಇಟ್ಟ ಮೇಲೆ ನನಗೆ ಏನಾಯಿತು ಅಂತ ಮುಚ್ಚಿಡುವುದಿಲ್ಲ. ಕೋಪ ಬಂತು. ನಿನ್ನ ಮೇಲೆ, ಆ ಶಿವಶಂಕರನ ಮೇಲೆ, ಇಷ್ಟು ಬೇಗ ಹೋಗಿಬಿಟ್ಟ ನನ್ನ ಮಗ ಚೆಲುವರಾಜುವಿನ ಮೇಲೂ ಬಂತು. ಕಾಮಾಲೆಯನ್ನು ಅಸಡ್ಡೆ ಮಾಡಿ ಗದ್ದೆಗೆ ನೀರು ಕಟ್ಟಲು ಹೋದನಲ್ಲ, ಆ ದಿನದ ಕೋಪ ಇನ್ನೂ ಒಳಗೇ ಇತ್ತು ಅಂತ ಕಾಣುತ್ತದೆ. ಮಧ್ಯಾಹ್ನ ಮುದ್ದೆ ತಟ್ಟೆಯಲ್ಲೇ ಆರಿ ಹೋಯಿತು. ಸಂಜೆ ಹಸಿವಾಯಿತು, ತಿಂದೆ. ಹೊಟ್ಟೆ ತುಂಬಿದ ಮೇಲೆ ಯೋಚನೆ ಬೇರೆ ದಾರಿ ಹಿಡಿಯಿತು. ಬೇಡ ಅನ್ನುವುದಾದರೆ ನಿನ್ನ ಹೆಸರಿನಲ್ಲಿ ಅನ್ನು. ನನ್ನನ್ನು ಕೇಳದೆ ನನ್ನ ಹೆಸರಿನಲ್ಲಿ ಬೇಡ ಅನ್ನಲು ನಿನಗೆ ಅಧಿಕಾರ ಕೊಟ್ಟವರು ಯಾರು?

ನಾವಿಬ್ಬರೂ ಹೇಗಿದ್ದೆವು ನೆನಪು ಮಾಡಿಕೋ. ಅವನು ಹೋದ ಮೇಲೆ ಒಂದೇ ಮನೆಯಲ್ಲಿ ಇಬ್ಬರು ಮೂಗಿಯರ ಹಾಗೆ ಓಡಾಡುತ್ತಿದ್ದೆವು. ಬಸ್ಸು ಹೆಂಗಸರಿಗೆ ಫ್ರೀ ಆಯಿತಲ್ಲ, ಆಗ ನೀನೇ ಒಂದು ಬೆಳಿಗ್ಗೆ "ಅತ್ತೆ, ಆಧಾರ್ ಕಾರ್ಡ್ ತಗೊಳ್ಳಿ, ಹೋಗೋಣ" ಎಂದೆ. ಎಲ್ಲಿಗೆ ಅಂದರೆ ನಿನಗೂ ಗೊತ್ತಿರಲಿಲ್ಲ. ಚುಂಚನಕಟ್ಟೆಗೆ ಹೋದೆವು, ನೀರು ಬೀಳುವುದನ್ನು ನೋಡುತ್ತಾ ಚಿತ್ರಾನ್ನ ತಿಂದು ಬಂದೆವು. ಮನೆಗೆ ಬಂದು ನೀನು ದಪ್ಪ ಹಾಳೆ ಕತ್ತರಿಸಿ, ಫೋಟೋ ಅಂಟಿಸಿ, ಪಕ್ಕದಲ್ಲಿ ನಮ್ಮ ಶೂನ್ಯ ದರದ ಟಿಕೆಟ್ ಅಂಟಿಸಿ, ಅಲ್ಲಿ ಆಯ್ದ ಒಣಗಿದ ಎಲೆಯೊಂದನ್ನು ಮೂಲೆಗೆ ಕೂರಿಸಿದೆ. ಕಸ ಅಂಟಿಸುವುದಕ್ಕೂ ಇಷ್ಟು ಶ್ರದ್ಧೆಯಾ ಎಂದು ನಾನು ಬೈದೆ. ಮಾರನೇ ವಾರ ಬೈಲುಕುಪ್ಪೆಗೆ ಹೋದಾಗ ಟಿಕೆಟ್ಟನ್ನು ಸೆರಗಿನ ಗಂಟಿನಲ್ಲಿ ಜೋಪಾನ ಮಾಡಿದವಳು ನಾನೇ.

ಹಾಗೆ ಶುರುವಾದದ್ದು ಎಲ್ಲಿಗೆ ಬಂತು ನೋಡು. ಹೊಗೆಸೊಪ್ಪಿನ ಮೂಟೆ ಸುತ್ತುವ ಗೋಣಿಯ ತುಂಡುಗಳಿಂದ ನೀನು ಶುಭಾಶಯ ಕಾರ್ಡು ಮಾಡಲು ಕಲಿಸಿದೆ. ವೀರನಹೊಸಹಳ್ಳಿಯ ಗಿರಿಜನ ಹಾಡಿಯ ಸೋಮಿ ಪುಸ್ತಕದ ನಡುವೆ ಒತ್ತಿ ಒಣಗಿಸಿದ ಹೂವು ತಂದುಕೊಡಲು ಶುರು ಮಾಡಿದಳು. ಕಾಡಂಚಿನ ಹೋಂಸ್ಟೇಯವರು ಅತಿಥಿಗಳಿಗೆ ಕೊಡಲು ಕಾರ್ಡು ಕೇಳಿದರು. ಈಗ ಮಧ್ಯಾಹ್ನವಾದರೆ ನಮ್ಮ ಹಜಾರದಲ್ಲಿ ಊರಿನ ಹೆಣ್ಣುಮಕ್ಕಳ ಕತ್ತರಿ ಸದ್ದು, ಗಲಾಟೆ. ಹೀಗಿರುವಾಗ ಅತ್ತೆ ಒಂಟಿಯಾಗುತ್ತಾಳೆ ಅನ್ನುತ್ತೀಯಲ್ಲ, ನನಗೆ ನಗು ಬರುತ್ತದೆ. ಗೋಡೆಯಾಚೆ ನನ್ನ ಓರಗಿತ್ತಿ ಗುರುಶಾಂತಮ್ಮನನ್ನು ಇಟ್ಟುಕೊಂಡು ಯಾರಾದರೂ ಒಂಟಿಯಾಗಿರಲು ಸಾಧ್ಯವೇನೇ? ನಾನು ಸೀನಿದರೆ ಅವಳು ಅಲ್ಲಿಂದಲೇ ಕಷಾಯ ಕಾಯಿಸುತ್ತಾಳೆ. ಆದರೂ ನೀನು ಕೆಲಸಕ್ಕೆಂದು ಹುಣಸೂರಿನಲ್ಲಿ ಉಳಿದು ರಜೆಗೆ ಮಾತ್ರ ಬರುವುದರಿಂದ ಮನೆ ಬಿಕೋ ಅನ್ನುತ್ತದೆ. ಅನ್ನಲಿ ಬಿಡು. ಅದು ನನ್ನ ಪಾಡು, ನಿನ್ನ ಮದುವೆಗೂ ಅದಕ್ಕೂ ಗಂಟು ಹಾಕಬೇಡ.

ಆ ಶಿವಶಂಕರ್ ನಮ್ಮ ಕಣ್ಣಿಗೆ ಬಿದ್ದದ್ದೂ ಟಿಕೆಟ್ಟಿನಿಂದಲೇ ಅಲ್ಲವೇ? ಅಂಟಿಸಿದ ಟಿಕೆಟ್ಟುಗಳೆಲ್ಲ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಅಕ್ಷರ ಅಳಿಸಿ ಬೆಳ್ಳಗಾದವು. ಫೋಟೋ ಪ್ರಿಂಟ್ ಹಾಕಿಸಲು ಪಿರಿಯಾಪಟ್ಟಣದ ಬಸ್ ನಿಲ್ದಾಣದ ಹತ್ತಿರ ಅವನ ಜೆರಾಕ್ಸ್ ಅಂಗಡಿಗೆ ಹೋದಾಗ ನೀನು ಇದನ್ನು ಹೇಳಿಕೊಂಡು ಗೊಣಗಿದೆ. ಮಿಷನ್ ಟಿಕೆಟ್ಟಿನ ಕಾಗದ ಅಷ್ಟೇ ದಿನ ಬಾಳುವುದು, ಇಳಿದ ತಕ್ಷಣ ಜೆರಾಕ್ಸ್ ತೆಗೆಸಿ ಆ ನಕಲನ್ನು ಅಂಟಿಸಿ ಎಂದ. ಅಲ್ಲಿಂದ ಮುಂದೆ ಯಾವ ಊರಿಗೆ ಹೋಗಿ ಬಂದರೂ ನಮ್ಮ ಬಸ್ಸು ಪಿರಿಯಾಪಟ್ಟಣದ ಮೇಲೆ ಹಾಯತೊಡಗಿತು. ಕೋಟೆಗೆ ಹೋದವರೂ ಪಿರಿಯಾಪಟ್ಟಣದ ಮೇಲೆ ಭೇರ್ಯಕ್ಕೆ ಬಂದೆವು. ನನಗೆ ದಾರಿ ಗೊತ್ತಿಲ್ಲ ಅಂದುಕೊಂಡಿದ್ದೆಯಾ? ಬಾಯಿ ಮುಚ್ಚಿಕೊಂಡು ಕಿಟಕಿ ಪಕ್ಕ ಕೂತಿದ್ದೆ.

ಕಳೆದ ಗುರುವಾರ ಗೋಣಿ ದಾರ ತರಲು ಪಿರಿಯಾಪಟ್ಟಣಕ್ಕೆ ಹೋಗಿದ್ದೆ. ಗೋಣಿ ದಾರ ಭೇರ್ಯದಲ್ಲೂ ಸಿಗುತ್ತದೆ, ಅದು ಬೇರೆ ವಿಷಯ. ಹುಣಸೂರಿನಲ್ಲಿ ಇಳಿದು ಬಸ್ಸು ಬದಲಿಸಿದೆ. ನೀನು ಕೆಲಸ ಮಾಡುವ ಗಿಫ್ಟ್ ಅಂಗಡಿ ಅಲ್ಲೇ ಹತ್ತಿರ ಎಂದು ಗೊತ್ತಿದ್ದೂ ಬರಲಿಲ್ಲ. ಬಂದಿದ್ದರೆ ನನ್ನ ಮುಖ ನೋಡಿ ನೀನು ಎಲ್ಲ ಓದಿಬಿಡುತ್ತಿದ್ದೆ.

ಅವನು ನನ್ನನ್ನು ಕಂಡು ಗಾಬರಿಯಾದ. ಪಕ್ಕದ ಹೋಟೆಲಿನಿಂದ ಟೀ ತರಿಸಿದ, ತರಿಸಿದ್ದನ್ನು ಕೊಡುವುದನ್ನೇ ಮರೆತ. ಮನುಷ್ಯ ಸಾಧು. ಇಬ್ಬರು ತಂಗಿಯರ ಮದುವೆ ಮಾಡಿ ಮುಗಿಸುವಷ್ಟರಲ್ಲಿ ಇವನ ಕಿವಿ ಪಕ್ಕ ಕೂದಲು ನರೆತಿದೆ. "ನಾನ್ ಬಲವಂತ ಮಾಡಿಲ್ಲ ಕಣಮ್ಮ. ಅವ್ರು ಆಗಾಕಿಲ್ಲ ಅಂದ್ರು, ನಾನ್ ಸುಮ್ಕಾದೆ. ಇಷ್ಟ ಇಲ್ಲ ಅಂದಿದ್ರೆ ಅಲ್ಲಿಗೇ ಮುಗೀತಿತ್ತು, ಅತ್ತೆ ಅವ್ರೆ ಅಂದ್ರಲ್ಲ, ಅದ್ಕೆ ಕಾಯ್ತಿವ್ನಿ" ಎಂದ. ನೀನು ಅವನನ್ನು ಬೇಡ ಎಂದಿಲ್ಲ ಅನ್ನುವುದು ನನಗೆ ಅಲ್ಲೇ ಖಾತ್ರಿಯಾಯಿತು.

ನಾನೂ ಸುಮ್ಮನೆ ಬರುವವಳಲ್ಲ. ಕೈಚೀಲದಿಂದ, ನೀನು ಆ ಹಾಳೆಗಳನ್ನೆಲ್ಲ ದಾರ ಪೋಣಿಸಿ ಕಟ್ಟಿದ ನಮ್ಮ ಪ್ರವಾಸದ ಪುಸ್ತಕ ತೆಗೆದು ಅವನ ಮುಂದೆ ಇಟ್ಟೆ. ಹೌದು, ಹೊತ್ತುಕೊಂಡೇ ಹೋಗಿದ್ದೆ. ಮದುವೆಯಾದ ಹೊಸದರಲ್ಲಿ ಚೆಲುವರಾಜು ನಿನ್ನನ್ನು ಬೈಕಿನಲ್ಲಿ ನಾಗರಹೊಳೆ ದಾಟಿಸಿ ಇರ್ಪು ಜಲಪಾತಕ್ಕೆ ಕರೆದುಕೊಂಡು ಹೋಗಿದ್ದನಲ್ಲ, ಆಮೇಲೆ ನೀನು ಎಲ್ಲಕ್ಕೂ ಮುಂದೆ ಸೇರಿಸಿದ ಆ ಪುಟ ಬಿಡಿಸಿದೆ. ನೀನು ನೆನೆದು ಮುದ್ದೆಯಾಗಿದ್ದೀಯ, ಅವನು ನಗುತ್ತಿದ್ದಾನೆ. "ಇವ್ನು ನನ್ ಮಗ. ನಾಳೆ ಅವ್ಳು ನಿನ್ ಮನೆಗೆ ಬಂದ್ರೆ ಈ ಪುಸ್ತಕನೂ ಬತ್ತದೆ. ಇದನ್ನ ಏನ್ ಮಾಡ್ತೀಯಪ್ಪ?" ಎಂದು ಕೇಳಿದೆ. ಅಂಗಡಿಯಲ್ಲಿ ಬೇರೆ ಯಾರೋ ಆಧಾರ್ ನಕಲಿಗೆ ಕಾಯುತ್ತಿದ್ದರು. ಕಾಯಲಿ ಅಂದುಕೊಂಡೆ.

ಅವನು ಕೈ ಒರೆಸಿಕೊಂಡು ಪುಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಒಳ್ಳೆಯ ಮಾತು ಏನಾದರೂ ಹುಡುಕುತ್ತಿದ್ದಾನೆ ಎಂದು ನಾನು ತಿಳಿದೆ. "ಇಲ್ಲಿ ಕೆಂಪು ಮಾಸ್ತಾ ಅದೆ ಕಣಮ್ಮ. ಫೋನಲ್ಲಿ ಒರಿಜಿನಲ್ ಇದ್ರೆ ಕಳ್ಸಾಕೇಳಿ, ಒಳ್ಳೆ ಪೇಪರ್‌ನಾಗೆ ಇನ್ನೊಂದ್ ಪ್ರಿಂಟ್ ಆಕ್ಕೊಡ್ತೀನಿ. ಇದು ಆಳಾಗ್ಬಾರ್ದು" ಎಂದ. ಅಷ್ಟೇ ಅವನು ಹೇಳಿದ್ದು. ಬಸ್ಸಿನಲ್ಲಿ ಬರುವಾಗ ನನಗೆ ಅಳು ಬಂತು. ಪಕ್ಕದಲ್ಲಿದ್ದ ಹೆಂಗಸು ಯಾರು ತೀರಿಕೊಂಡರು ಎಂದು ಕೇಳಿದಳು. ಇಲ್ಲಮ್ಮ, ನಮ್ಮ ಮನೆಯಲ್ಲಿ ಮದುವೆ ಎಂದೆ. ಬಾಯಿಗೆ ಬಂದುಬಿಟ್ಟಿತು, ಹೇಳಿಬಿಟ್ಟೆ.

ಮರುದಿನ ಸೋಮಿ ಹೂವಿನ ಕಟ್ಟು ಹಿಡಿದುಕೊಂಡು ಬಂದಳು. ಅವಳಿಗೆ ಎಲ್ಲ ಹೇಳಿದೆ. "ಇದ್ಕೆ ಇಷ್ಟೊಂದ್ ಯೋಚ್ನೆನಾ ಅಮ್ಮ? ನಮ್ ಹಾಡೀಲಿ ಗಂಡ ಸತ್ತೋಳು ಬ್ಯಾರೆ ಮದ್ವೆ ಆದ್ರೆ ಅನ್ನ ಉಂಡು ಹರಸ್ತಾರೆ, ಅಷ್ಟೇಯ" ಎಂದಳು. ಅವಳಿಗೆ ಅರ್ಥವೇ ಆಗಲಿಲ್ಲ ನಮ್ಮ ಸಂಕಟ. ಅರ್ಥ ಮಾಡಿಸಲು ಹೊರಟು ನಾನೂ ಎಡವಿದೆ.

ಈಗ ಮುಖ್ಯ ವಿಷಯ. ಈ ಕಾಗದದ ಜೊತೆ ಒಂದು ಕಾರ್ಡು ಇಟ್ಟಿದ್ದೇನೆ. ಹುಡುಗಿಯರಿಗೆ ಮುಟ್ಟಲು ಬಿಡದೆ ಪೂರ್ತಿ ನಾನೇ ಮಾಡಿದ್ದು. ನೀನು ಹೇಳಿಕೊಟ್ಟ ಹಾಗೆಯೇ ಹಾಳೆಯನ್ನು ಮಡಚಿ, ಗೋಣಿಯ ಪಟ್ಟಿ ಅಂಟಿಸಿ, ಸೋಮಿ ತಂದ ಹೂವನ್ನು ಕೂರಿಸಿದ್ದೇನೆ. ಗೋಂದು ಒಂದು ಕಡೆ ಆಚೆ ಬಂದಿದೆ, ಅದನ್ನು ಎತ್ತಿ ತೋರಿಸಬೇಡ. ಇದು ನಿನ್ನ ಮದುವೆಯ ಕರೆಯೋಲೆಯ ಮಾದರಿ. ನಿನ್ನ ಹೆಸರು, ಅವನ ಹೆಸರು ಬರೆದಿದ್ದೇನೆ. ದಿನಾಂಕ ಬಿಟ್ಟಿದ್ದೇನೆ. ಅದನ್ನು ತುಂಬುವವಳು ನೀನು. ತುಂಬದೆ ವಾಪಸು ಕಳಿಸಿದರೂ ನಾನು ಮುನಿಸಿಕೊಳ್ಳುವುದಿಲ್ಲ. ಆದರೆ ಆಗ ಕಾರಣ ನಿನ್ನದಾಗಿರಬೇಕು, ನನ್ನದಲ್ಲ.

ಮೇಲೆ ನಿನ್ನ ಹೆತ್ತವರ ಹೆಸರಿದೆ, ಬೆಟ್ಟಸ್ವಾಮಿಯವರನ್ನು ಕೇಳಿಯೇ ಬರೆದದ್ದು. ನಿಮ್ಮ ಆಗಮನವನ್ನು ಬಯಸುವವರು ಅನ್ನುವ ಕಡೆ ನನ್ನ ಹೆಸರು ಹಾಕಿಕೊಂಡೆ. ಹೆಸರಿನ ಮುಂದೆ ನಾನು ನಿನಗೇನಾಗಬೇಕು ಎಂದು ಬರೆಯಲು ಹೋಗಿ ಪೆನ್ನು ನಿಂತಿತು. ಸೊಸೆಯ ಮದುವೆಗೆ ಅತ್ತೆ ಕರೆದ ಪತ್ರಿಕೆಯನ್ನು ನಾನು ಎಲ್ಲೂ ನೋಡಿಲ್ಲ. ಬರೀ ಸುನಂದಮ್ಮ, ಭೇರ್ಯ ಎಂದು ಬರೆದು ಬಿಟ್ಟೆ.

ಪುಸ್ತಕ ನಿನ್ನದು, ಬಂದಾಗ ತೆಗೆದುಕೊಂಡು ಹೋಗು. ದಾರ ಸಡಿಲಿಸಿ ಒಂದೇ ಒಂದು ಪುಟ ನಾನು ಇಟ್ಟುಕೊಂಡಿದ್ದೇನೆ. ಚೆಲುವರಾಜುವಿನದಲ್ಲ, ಅವನು ನನಗೆ ಗೋಡೆಯ ಮೇಲೂ ಇದ್ದಾನೆ. ಬೈಲುಕುಪ್ಪೆಯಲ್ಲಿ ಮೊಮೊ ತಿಂದು ಖಾರಕ್ಕೆ ನಾವಿಬ್ಬರೂ ಬಾಯಿ ಬಿಟ್ಟುಕೊಂಡು ನಿಂತಿದ್ದೇವಲ್ಲ, ಆ ಪುಟ.

ಆಯುಧಪೂಜೆಗೆ ಅಂಗಡಿ ರಜವಿದ್ದರೆ ಬಾ. ಇಲ್ಲದಿದ್ದರೆ ಕಾರ್ಡಿನಲ್ಲಿ ದಿನಾಂಕ ಬರೆದು ಫೋಟೋ ತೆಗೆದು ಕಳಿಸು, ಸಾಕು. ಗುರುಶಾಂತಮ್ಮ ಬಂದು ಕಾರ್ಡಿನ ಮೂಲೆಗಳಿಗೆ ಅರಿಶಿನ ಹಚ್ಚಿಕೊಟ್ಟರೆ ನಾಳೆ ಬೆಳಿಗ್ಗೆ ಇದನ್ನು ಅಂಚೆಗೆ ಹಾಕುತ್ತೇನೆ.

ಎಲ್ಲಿದ್ದರೂ ನಿನ್ನ ಒಳಿತನ್ನೇ ಬಯಸುವ,
ಸುನಂದಮ್ಮ

ಮತ್ತೆ: ಸೋಮವಾರ ಬೆಳಿಗ್ಗೆ. ಗುರುಶಾಂತಮ್ಮ ಅರಿಶಿನದ ಬಟ್ಟಲು ಹಿಡಿದುಕೊಂಡೇ ಬಂದಳು. ಕಾರ್ಡು ಓದಿದವಳು ಬಟ್ಟಲನ್ನು ಕೆಳಗಿಟ್ಟಳು. "ಇದೊಂದ್ ಬುಟ್ಟು ಯಾವ್ದಕ್ಕಾರ ಹಚ್ತೀನಿ ಕಣಕ್ಕ. ಸೊಸೆ ಮದ್ವೆನ ಅತ್ತೆ ಮಾಡೋದು ಎಲ್ಲಾರ ಉಂಟಾ? ನಾಳಿಕ್ ಏನಾರ ಎಚ್ಚುಕಮ್ಮಿ ಆದ್ರೆ ನನ್ ಕೈ ಗುಣ ಅಂತಾರೆ" ಎಂದು ಹೊರಟುಹೋದಳು. ಅವಳ ಮೇಲೆ ಕೋಪವಿಲ್ಲ, ಅವಳಿಗೆ ಭಯ. ಗಂಡನಿಲ್ಲದವಳು ಶುಭಪತ್ರದ ಅಂಚು ಮುಟ್ಟಬಾರದು ಅನ್ನುವುದು ನನಗೂ ಗೊತ್ತು. ನಿಮ್ಮ ಮಾವ ಹೋದ ಮೇಲೆ ನಾನು ಮುಟ್ಟಿರಲೂ ಇಲ್ಲ, ಚೆಲುವರಾಜುವಿನ ಮದುವೆಯ ಪತ್ರಿಕೆಗೂ ಬೇರೆಯವರ ಕೈಯಲ್ಲೇ ಹಚ್ಚಿಸಿದ್ದೆ. ಇವತ್ತು ಬೆರಳು ಅದ್ದಿ ನಾಲ್ಕೂ ಮೂಲೆಗೆ ನಾನೇ ಹಚ್ಚಿದ್ದೇನೆ. ಒಂದು ಕಡೆ ಜಾಸ್ತಿಯಾಗಿದೆ. ಯಾರು ಹಚ್ಚಿದ್ದು ಎಂದು ಯಾರಾದರೂ ಕೇಳಿದರೆ, ಹೆಣ್ಣಿನ ತಾಯಿ ಅನ್ನು.