ಕೊರೊಲ್ಲಾಗೆ ಬೀಳಲಿರುವ ತೂತು

ಗೋಕುಲ ರಸ್ತೆ, ಹುಬ್ಬಳ್ಳಿ
ಇಸವಿ ೨೧೮೧, ಎರಡನೇ ತಿಂಗಳ ಮೂವತ್ತನಾಲ್ಕನೇ ದಿನ

ಮೌನೇಶಜ್ಜನಿಗೆ ಇಳಾ ಪತ್ತಾರ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ, ಇದು ಓಣಿಯವರು ಯಾರೋ ಮಾಡಿದ ಚೇಷ್ಟೆ ಎಂದು ಕಾಗದವನ್ನು ಮುದ್ದೆ ಮಾಡಿ ಕೈ ಒರೆಸಿಕೊಳ್ಳಬೇಡಿ. ತಿಂಗಳಿಗೆ ಮೂವತ್ತಾರು ದಿನ, ವರ್ಷಕ್ಕೆ ಹತ್ತು ತಿಂಗಳು ಎಂದು ನಮ್ಮಲ್ಲಿ ಪಂಚಾಂಗ ತಿದ್ದಿ ಬಹಳ ಕಾಲವಾಯಿತು. ಮಿಕ್ಕ ಐದಾರು ದಿನಗಳಿಗೆ ಹೆಸರೇ ಇಲ್ಲ, ಆ ದಿನಗಳಲ್ಲಿ ಯಾರೂ ಕೆಲಸ ಮಾಡುವುದಿಲ್ಲ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಧ್ವನಿಮುದ್ರಣಗಳಿಂದ ಕಲಿತದ್ದು. ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ತಂಗಿ ಕಾಳಮ್ಮನ ಮೊಮ್ಮಗಳ ಮೊಮ್ಮಗಳು ನಾನು. ವಯಸ್ಸು ಎಪ್ಪತ್ತು. ಸಂಬಂಧದಲ್ಲಿ ನೀವು ಅಜ್ಜ, ಆದರೆ ಈ ಕಾಗದ ಓದುವಾಗ ನನಗಿಂತ ಸಣ್ಣವರು. ಆದ್ದರಿಂದ ಮರ್ಯಾದೆಯನ್ನೂ ಕೊಡುತ್ತೇನೆ, ಬೈಯುವುದಿದ್ದರೆ ಬೈಯುತ್ತೇನೆ.

ಇಲ್ಲಿ ಎಪ್ಪತ್ತು ತುಂಬಿದವರಿಗೆ ಸರಕಾರ ಒಂದು ಹಿಂದಂಚೆ ಕೊಡುತ್ತದೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಬರೆಯುವ ಕಾಗದ, ಜೀವಮಾನಕ್ಕೆ ಒಂದೇ. ಅದರಲ್ಲಿ ಯಾರ ಸಾವಿನ ದಿನವನ್ನೂ, ಯಾವ ಚುನಾವಣೆಯ ಫಲಿತಾಂಶವನ್ನೂ ಬರೆಯುವಂತಿಲ್ಲ. ಹೆಚ್ಚಿನವರು ತೀರಿಹೋದ ತಾಯಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿರುವುದು ನಿಮ್ಮ ಕೊರೊಲ್ಲಾದ ಸಲುವಾಗಿ. ಹೌದು, ಅದೇ ಚೌಕ ದೀಪದ ಬಿಳಿ ಕೊರೊಲ್ಲಾ ಕಾರು. ಅದು ಇನ್ನೂ ನಮ್ಮ ಮನೆಯಲ್ಲಿದೆ, ಓಡುತ್ತಲೂ ಇದೆ!

ಈಗ ಊರಿನಲ್ಲಿ ಯಾರೂ ಗಾಡಿ ಓಡಿಸುವುದಿಲ್ಲ. ಹರಿಗಾಡಿ ತಾನಾಗಿ ಬಾಗಿಲಿಗೆ ಬರುತ್ತದೆ. ಸ್ಟೇರಿಂಗ್ ಇಲ್ಲ, ಗೇರ್ ಇಲ್ಲ, ಹೋಗಬೇಕಾದ ಜಾಗದ ಹೆಸರು ಹೇಳಿ ಕಣ್ಣು ಮುಚ್ಚಿದರೆ ಮುಗಿಯಿತು. ಕೆಟ್ಟರೆ ಬಿಚ್ಚುವವರಿಲ್ಲ, ಒಯ್ದು ಕರಗಿಸಿ ಬೇರೊಂದನ್ನು ಕಳಿಸುತ್ತಾರೆ. ಹಾಗೆಂದು ನಮ್ಮ ಕಾಲವನ್ನು ಹಳಿಯಲಾರೆ. ರಸ್ತೆಯಲ್ಲಿ ಈಗ ಯಾರೂ ಸಾಯುವುದಿಲ್ಲ, ಉಣಕಲ್ ಕೆರೆಯ ಈ ದಂಡೆಯಲ್ಲಿ ಮಾತನಾಡಿದರೆ ಆಚೆ ದಂಡೆಗೆ ಕೇಳಿಸುತ್ತದೆ. ಊರಿಗೆಲ್ಲ ಸದ್ದುಚೀಟಿ ಇರುವುದು ಕೊರೊಲ್ಲಾ ಒಂದಕ್ಕೇ. ಇಂಜಿನ್ ಚಾಲೂ ಮಾಡುವ ಅನುಮತಿಗೆ ನಾವು ಹಾಗೆನ್ನುತ್ತೇವೆ. ಅದೂ ರವಿವಾರ ಮಧ್ಯಾಹ್ನದವರೆಗೆ ಅಷ್ಟೇ. ಪೆಟ್ರೋಲನ್ನು ನಾನು ಕಣ್ಣಿನಿಂದ ಕಂಡವಳಲ್ಲ. ಜೋಳದ ದಂಟು ಕೊಳೆಸಿ ಇಳಿಸಿದ ದಂಟೆಣ್ಣೆಯನ್ನು ಹಾಕುತ್ತೇವೆ, ವಾಸನೆಗೆ ಮೂಗು ಮುಚ್ಚಿಕೊಳ್ಳಬೇಕು. ಆದರೂ ರವಿವಾರ ಓಣಿಯವರೆಲ್ಲ ಮಂಡಕ್ಕಿ ಗಿರ್ಮಿಟ್ ಪೊಟ್ಟಣ ಹಿಡಿದು ನಮ್ಮ ಕಂಪೌಂಡಿನ ಮೇಲೆ ಸಾಲಾಗಿ ಕೂರುತ್ತಾರೆ. ಮೊದಲ ಸಲ ಸದ್ದು ಕೇಳಿದ ಕೂಸುಗಳು ಕಿಟಾರನೆ ಕಿರುಚುತ್ತವೆ, ಮುಂದಿನ ವಾರ ತಾವೇ ಅವ್ವನ ಸೆರಗು ಎಳೆದುಕೊಂಡು ಬರುತ್ತವೆ.

ನಿಮ್ಮ ಹುಚ್ಚಿನ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ನಿಮ್ಮ ಗ್ಯಾರೇಜಿನಲ್ಲಿ ಜಪಾನಿನ ಗಾಡಿಯನ್ನು ಮೊದಲ ಸಲ ಬಿಚ್ಚಿದ ದಿನ, "ಹತ್ತು, ಹನ್ನೆರಡು, ಹದಿನಾಕರ ಪಾನಾ ಇದ್ರ ಸಾಕಲೇ, ಇಡೀ ಗಾಡಿ ನಟ್ಟು-ಬೋಲ್ಟು ಬಿಚ್ಚಬೌದು" ಎಂದು ಓಣಿಯೆಲ್ಲ ಸಾರುತ್ತಾ ತಿರುಗಿದ್ದಿರಂತೆ. ಆವತ್ತಿನಿಂದ ಹೊಸ ಗಾಡಿ ಕಂಡರೆ ಮೂಗು ಮುರಿಯುವುದು, ಹಳೆಯ ಜಪಾನ್ ಗಾಡಿ ಬಾಗಿಲಿಗೆ ಬಂದರೆ ಊಟ ಮರೆಯುವುದು. ಲಗ್ನವನ್ನೂ ಮರೆತಿರಿ, ಬಿಡಿ. ಈ ಕೊರೊಲ್ಲಾದ ಕಾರ್ಬುರೇಟರ್ ಬದಲಿಸಿದಿರಿ, ಸ್ಪ್ರಿಂಗ್ ತಗ್ಗಿಸಿದಿರಿ, ಸೈಲೆನ್ಸರ್ ಕೊಳವೆಯನ್ನು ನೀವೇ ಬಗ್ಗಿಸಿ ಬೆಸೆದಿರಿ. ನಿಮ್ಮ ವೆಲ್ಡಿಂಗ್ ಇವತ್ತಿಗೂ ನೋಡಿದವರ ಕಣ್ಣು ತಂಪಾಗುವಂತಿದೆ. ನಿಮ್ಮ ವೈರಿಂಗ್ ಮಾತ್ರ ದೇವರಿಗೇ ಪ್ರೀತಿ. ಇಷ್ಟೆಲ್ಲ ಮಾಡಿದರೂ ನಿಮ್ಮದೊಂದು ನೇಮವಿತ್ತು. ಬಾಡಿಯ ತಗಡನ್ನು ಕೊಯ್ಯಬಾರದು, ಕೊರೆಯಬಾರದು. ಬಿಚ್ಚಿದ ಹಳೆಯ ಭಾಗಕ್ಕೆ ಎಣ್ಣೆ ಸವರಿ ಗೋಣಿಚೀಲದಲ್ಲಿ ಕಟ್ಟಿಡಬೇಕು. ಬೇಕೆಂದಾಗ ಗಾಡಿ ಮೊದಲಿನಂತಾಗಬೇಕು. ನಾವೂ ಅದನ್ನು ಮೀರಲಿಲ್ಲ. ದೊಡ್ಡ ಮಳೆಗಳ ಕಾಲದಲ್ಲಿ ನನ್ನ ಅಜ್ಜಿ, ನೀವು ತಗ್ಗಿಸಿದ್ದನ್ನು ಮೊಣಕಾಲೆತ್ತರಕ್ಕೆ ಏರಿಸಿದಳು. ಅಪ್ಪ ಇಂಜಿನ್ನನ್ನು ದಂಟೆಣ್ಣೆಗೆ ಒಗ್ಗಿಸಿದ. ನಾನು ಸೀಟಿಗೆ ಇಳಕಲ್ ಬಟ್ಟೆ ಹೊಲಿಸಿದೆ, ಯಾರು ಏನು ಅಂದರೂ ಚಂದ ಕಾಣುತ್ತದೆ. ಗೋಣಿಚೀಲಗಳು ಈಗ ಒಂದು ಕೋಣೆ ತುಂಬಿವೆ.

ಹೋದ ತಿಂಗಳು ಮೂಲರೂಪ ಕಚೇರಿಯಿಂದ ನಿಶಾಂತ ಪಟ್ಟಣಶೆಟ್ಟಿ ಎಂಬ ಅಧಿಕಾರಿ ಬಂದ. ನಾಡಿನಲ್ಲಿ ಲೋಹಕ್ಕೆ ಬರ ಬಂದಿದೆ. ಹಳೆಯ ಗಾಡಿಗಳಿಗೆ ಇನ್ನು ಎರಡೇ ದಾರಿ: ಕಾರ್ಖಾನೆಯಿಂದ ಬಂದ ರೂಪದಲ್ಲೇ ಇದ್ದರೆ ವಸ್ತುಸಂಗ್ರಹಾಲಯದ ಗಾಜಿನ ಕೋಣೆ, ಇಲ್ಲದಿದ್ದರೆ ಕರಗುಮನೆ. ನಾನು ಗೋಣಿಚೀಲಗಳನ್ನು ಬಿಚ್ಚಿ ತೋರಿಸಿದೆ. ಎಲ್ಲವನ್ನೂ ಮರಳಿ ಕೂರಿಸಿದರೆ ಗಾಡಿ ಉಳಿಯುತ್ತದೆ ಎಂದು ಅವನಿಗೂ ಖುಷಿಯೋ ಖುಷಿ. ಆಮೇಲೆ, ಇಂಜಿನ್ನಿಗೂ ನಾವು ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆಯಲ್ಲಿ, ನೀವೇ ನೇಮ ಮುರಿದು ಕೊರೆದ ಒಂದು ತೂತು ಅವನಿಗೆ ಕಂಡಿತು. ಮುಚ್ಚಿ ಬೆಸೆದರೂ ಅವರ ಯಂತ್ರ ಹಿಡಿದುಬಿಡುತ್ತದೆ. ಪಾಪ, ಒಳ್ಳೆಯ ಮನುಷ್ಯ. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. "ಅಕ್ಕಾರ, ಒಂದ್ ತೂತಿನ ಸಲುವಾಗಿ ಇಷ್ಟ್ ಚಲೋ ಗಾಡಿ ಹೊಂಟೈತಲ್ರೀ" ಎಂದು ಕೈ ಕೈ ಹಿಸುಕಿಕೊಂಡ. "ನಿಮ್ ಹಿಂದಂಚಿ ಇನ್ನೂ ಉಳದೈತಲ್ರೀ? ಆ ಅಜ್ಜಾರಿಗೇ ಬರೀರಿ. ಅದೊಂದು ತೂತು ಕೊರೀಬ್ಯಾಡ್ರಿ ಅನ್ರಿ" ಎಂದೂ ಅವನೇ ದಾರಿ ತೋರಿಸಿದ.

ಅದನ್ನು ಬರೆಯಲೆಂದೇ ಕೂತೆ. ಕಾಗದ ನಿಮ್ಮ ಕೈಗೆ ಯಾವಾಗ ಸಿಗಬೇಕೆಂದು ನಾನೇ ಆರಿಸಿದ್ದು: ಕಾಳಮ್ಮಜ್ಜಿ ನಿಮ್ಮ ಗ್ಯಾರೇಜಿಗೆ ಬಂದು ಜಗಳ ತೆಗೆದ ಮರುದಿನ. ಪೋಲಿಯೋದಿಂದ ಎಡಗಾಲು ಸೋತ ಅವರು ಕ್ಲಚ್ ತುಳಿಯಲಾರರು. ಅರ್ಧ ಆಯುಷ್ಯ ನಿಮ್ಮ ಪಕ್ಕದ ಸೀಟಿನಲ್ಲೇ ಕಳೆದವರು. "ಊರ ಮಂದಿ ಗಾಡೀನೆಲ್ಲಾ ಅವ್ರವ್ರಿಗೆ ಬೇಕಾದಂಗ ಮಾಡಿ ಕೊಡ್ತಿ. ನನ್ ಕಾಲಿಗೆ ತಕ್ಕಂಗ ಒಂದ್ ಗಾಡಿ ಮಾಡಾಕ ನಿನಗ ಬರೂದಿಲ್ಲೇನಣ್ಣಾ? ನಾನೂ ಒಮ್ಮೆ ನೂರರ ಮ್ಯಾಲ ಹೊಡೀಬೇಕು" ಎಂದರಂತೆ. ಬೈಕಿನ ಕ್ಲಚ್ ಹಿಡಿಕೆಯನ್ನು ಗೇರಿನ ಕೋಲಿಗೆ ಕೂರಿಸಿ, ಕ್ಲಚ್ಚನ್ನು ಕೈಯಿಂದಲೇ ಎಳೆಯುವ ಉಪಾಯ ನಿಮಗೆ ಹೊಳೆಯಿತು. ಆದರೆ ಅದರ ಕೇಬಲ್ ದಾಟಲು ತಗಡಿನ ಗೋಡೆಗೆ ತೂತು ಬೇಕು. ಬೇರೆ ದಾರಿಯನ್ನು ನಾನೂ ಹುಡುಕಿದೆ, ಆ ಗಾಡಿಯಲ್ಲಿ ಬೇರೆ ದಾರಿ ಇಲ್ಲ. ಜೀವಮಾನವಿಡೀ ಕೊರೆಯದ ತಗಡಿನ ಮುಂದೆ ಡ್ರಿಲ್ ಹಿಡಿದು ಕೂತೇ ಇದ್ದಿರಂತೆ. ಈ ಕಾಗದ ಓದುವ ಹೊತ್ತಿಗೂ ಹಾಗೆಯೇ ಕೂತಿರಬೇಕು.

ಕೊರೆಯಬೇಡಿ ಎಂದು ಬರೆದೆ. ಹರಿದೆ. ಮತ್ತೆ ಬರೆದೆ, ಅದನ್ನೂ ಹರಿದೆ. ಕಾಳಮ್ಮಜ್ಜಿ ಧಾರವಾಡದ ಬೈಪಾಸಿನಲ್ಲಿ ನೂರು ದಾಟಿಸಿದ್ದನ್ನು ನನ್ನ ಅಜ್ಜಿಯ ಬಾಯಿಂದ ಎಷ್ಟು ಸಲ ಕೇಳಿದ್ದೇನೋ. ಅವರು ಕುಲುಕುಲು ನಗುತ್ತಿದ್ದರಂತೆ, ನೀವು ಪಕ್ಕದಲ್ಲಿ ಬಾಗಿಲಿನ ಹಿಡಿಕೆ ಹಿಡಿದು ಕಣ್ಣು ಮುಚ್ಚಿದ್ದಿರಂತೆ. ಗಾಡಿಯೊಂದು ಗಾಜಿನ ಕೋಣೆಯಲ್ಲಿ ನಿಲ್ಲಲಿ ಎಂದು ಆ ಮಧ್ಯಾಹ್ನವನ್ನು ಅವರಿಂದ ಕಿತ್ತುಕೊಳ್ಳಲು ನಾನು ಯಾರು? ಕೊರೊಲ್ಲಾ ಹೋಗುತ್ತದೆ ಎಂದು ನಿನ್ನೆ ಬಾನೆಟ್ ಮೇಲೆ ತಲೆಯಿಟ್ಟು ಮನಸಾರೆ ಅತ್ತೆ. ಆದರೂ ನೀವು ಕೊರೆಯಿರಿ ಅಜ್ಜ.

ಬೈಯುತ್ತೇನೆ ಎಂದಿದ್ದೆನಲ್ಲ, ಅದು ಇನ್ನೂ ಬಾಕಿ ಇದೆ. ಆ ತೂತು ಬಿದ್ದ ಜಾಗ ತಪ್ಪು! ಕೇಬಲ್ ಓರೆಯಾಗಿ ಎಳೆಯುತ್ತದೆ. ನಡುವೆ ಎಂಥ ರಬ್ಬರ್ ಕೂರಿಸಿದರೂ ತಗಡಿಗೆ ಉಜ್ಜಿ ಉಜ್ಜಿ, ವರ್ಷ ತುಂಬುವುದರೊಳಗೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಅಷ್ಟು ದೊಡ್ಡ ಮೆಕ್ಯಾನಿಕ್, ಅಳತೆ ಹಿಡಿಯಲು ಮರೆತಿರೇ? ಕಾಳಮ್ಮಜ್ಜಿಯ ಮಗಳು ಪಾನಾ ಹಿಡಿದದ್ದೇ ಆ ಹಾಳು ಕೇಬಲ್ ಬದಲಿಸಲು. ಆಮೇಲೆ ನನ್ನ ಅಜ್ಜಿ, ಆಮೇಲೆ ಅಪ್ಪ, ಆಮೇಲೆ ನಾನು. ಎಲ್ಲರೂ ಸೀಟಿನ ಮುಂದೆ ತಲೆಕೆಳಗಾಗಿ ಮಲಗಿ, ಬೆರಳಿಗೆ ತಂತಿ ಚುಚ್ಚಿಸಿಕೊಂಡು, ನಿಮಗೆ ಬಾಯಿಗೆ ಬಂದಂತೆ ಬೈದು ಕೆಲಸ ಕಲಿತವರು. ಕೇಬಲ್ ಹಾಕಲು ಹೋದವರು ಅದರ ಪಕ್ಕದ್ದೇನು ಎಂದು ನೋಡಿದೆವು, ಅದರಾಚೆಯದನ್ನೂ ಬಿಚ್ಚಿದೆವು. ಮೊನ್ನೆ ನನ್ನ ಮೊಮ್ಮಗಳು ವಸುಧಾ, ಯಾರೂ ಕೈ ಹಚ್ಚದ ಹರಿಗಾಡಿಯ ತಳ ಬಿಚ್ಚಿ, ಕೆಟ್ಟದ್ದನ್ನು ಸರಿಮಾಡಿ ಓಡಿಸಿಯೇಬಿಟ್ಟಳು. ಮೈಯೆಲ್ಲ ಮಸಿ ಮಾಡಿಕೊಂಡು ಒಳಗೆ ಬಂದು, "ಅಜ್ಜಿ, ಇದನ್ನೂ ರಿಪೇರಿ ಮಾಡಾಕ ಬರ್ತೈತಿ!" ಎಂದಳು. ಹುಬ್ಬಳ್ಳಿಯಲ್ಲಿ ಹಾಗೆ ಬಿಚ್ಚಿ ನೋಡುವ ಕೈಗಳು ಈಗ ನಮ್ಮ ಮನೆಯಲ್ಲಷ್ಟೇ ಇವೆ.

ಆದ್ದರಿಂದ ಆ ತೂತು ಎಡಕ್ಕೆ ಸರಿಯಬೇಕಿತ್ತೋ, ಬಲಕ್ಕೋ, ಮೇಲಕ್ಕೋ, ನಾನು ಹೇಳುವುದಿಲ್ಲ. ಹೇಳಿದರೆ ನೀವು ಸುಮ್ಮನಿರುವ ಪೈಕಿಯಲ್ಲ, ಸರಿ ಮಾಡಿಬಿಡುತ್ತೀರಿ. ಏಳಿ ಅಜ್ಜ, ತಂಗಿ ಕಾಯುತ್ತಿದ್ದಾರೆ. ಕೈ ಹೋದ ಕಡೆ ಕೊರೆಯಿರಿ.

ನಿಮ್ಮ ಮೇಲೆ ಸಿಟ್ಟೂ ಪ್ರೀತಿಯೂ ಇರುವ,
ಇಳಾ